ಕೆಂಪು ದೀಪ ಹೊತ್ತಿದರೆ ಸಾಲದು

ಅಟ್ಟದಿಂದ ಇಳಿಸಿದ ನಲವತ್ತು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಇನ್ನೂ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ಯಾರಾದರೂ ಮಾಡುವ ಮೊದಲ ಕೆಲಸ ಪ್ಲಗ್ ಚುಚ್ಚಿ ಸ್ವಿಚ್ ಒತ್ತುವುದು. ದೀಪ ಹೊತ್ತಿದರೆ ಸಂತೋಷ, ಪರದೆ ಕಪ್ಪಾಗಿಯೇ ಉಳಿದರೆ ಬೇಸರ. ಆಮೇಲೆ ಸ್ಕ್ರೂ ಬಿಚ್ಚಿ, ಯಾವ ಚಿಪ್ ಕೆಟ್ಟಿರಬಹುದೆಂಬ ಹುಡುಕಾಟ. ಈ ಕ್ರಮವೇ ತಲೆಕೆಳಗಾದದ್ದು. ಕೆಟ್ಟುಕೂತ ಹಳೆಯ ಯಂತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈಯನ್ನು. ಅದನ್ನೂ ಕಂಪ್ಯೂಟರಿನಿಂದ ಬೇರ್ಪಡಿಸಿ, ಬೇರೊಂದು ಲೋಡ್ ಹೊರಿಸಿ, ಚೆನ್ನಾಗಿ ಬಿಸಿಯಾಗುವಷ್ಟು ಹೊತ್ತು ಓಡಿಸಿ ನೋಡಬೇಕು. ಕಂಪ್ಯೂಟರಿಗೇ ಚುಚ್ಚಿ ನೋಡುವುದು ಪರೀಕ್ಷೆಯಂತೆ ಕಂಡರೂ ಅದೊಂದು ಜೂಜು. ಪಣಕ್ಕಿಟ್ಟದ್ದು ಮತ್ತೆ ಸಿಗದ ವಸ್ತು.

ಕಮೊಡೋರ್ 64 ಎಂಬ ಯಂತ್ರವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಈ ಮಾತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಮೆರಿಕದ ಕಮೊಡೋರ್ ಕಂಪನಿ 1982ರಲ್ಲಿ 595 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟ ಈ ಹೋಮ್ ಕಂಪ್ಯೂಟರ್ ಹನ್ನೆರಡು ವರ್ಷ ತಯಾರಾಯಿತು, ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಕಂಪ್ಯೂಟರ್, ಪರದೆಯಾಗಿ ಮನೆಯ ಟಿ.ವಿ., ಒಟ್ಟು 64 ಕಿಲೋಬೈಟ್ ಮೆಮೊರಿ. ಪವರ್ ಸಪ್ಲೈ ಮಾತ್ರ ಹೊರಗೆ, ದಪ್ಪನೆಯ ಪ್ರತ್ಯೇಕ ಡಬ್ಬದಲ್ಲಿ. ಆ ಡಬ್ಬದಿಂದ ಏಳು ಪಿನ್ನಿನ ಒಂದೇ ಪ್ಲಗ್ ಮೂಲಕ ಎರಡು ಬಗೆಯ ಕರೆಂಟು ಹೊರಡುತ್ತದೆ. ಒಂದು, ಅಳತೆಗೆ ಕಟ್ಟುಬಿದ್ದ 5 ವೋಲ್ಟ್ ಡಿಸಿ. ಪ್ರೊಸೆಸರ್, ಮೆಮೊರಿ ಎಲ್ಲ ಓಡುವುದು ಇದರಿಂದ. ಇನ್ನೊಂದು, ಟ್ರಾನ್ಸ್‌ಫಾರ್ಮರಿನಿಂದ ನೇರವಾಗಿ ಬರುವ 9 ವೋಲ್ಟ್ ಎಸಿ. ಈ ಎರಡನೆಯದನ್ನು ಕಂಪ್ಯೂಟರ್ ತನ್ನೊಳಗೇ ಡಿಸಿಯಾಗಿ ಪರಿವರ್ತಿಸಿಕೊಂಡು ಚಿತ್ರ ಮತ್ತು ಧ್ವನಿಯ ಚಿಪ್‌ಗಳಿಗೆ ಬೇಕಾದ 12 ವೋಲ್ಟ್ ತಯಾರಿಸುತ್ತದೆ, ಕ್ಯಾಸೆಟ್ಟಿನ ಮೋಟಾರನ್ನೂ ಓಡಿಸುತ್ತದೆ. ಎಸಿಯ ಸೆಕೆಂಡಿಗೆ 50 ಅಥವಾ 60 ಏರಿಳಿತಗಳನ್ನು ಎಣಿಸಿ ತನ್ನ ಗಡಿಯಾರವನ್ನು ನಡೆಸುವುದೂ ಅದರಿಂದಲೇ.

ಸಮಸ್ಯೆ ಇರುವುದು ಮೊದಲನೆಯ 5 ವೋಲ್ಟಿನಲ್ಲಿ. ಡಬ್ಬದೊಳಗಿನ ರೆಗ್ಯುಲೇಟರ್ ಎಂಬ ಭಾಗ ತನ್ನೊಳಗೆ ಬಂದ ಹೆಚ್ಚಿನ ವೋಲ್ಟೇಜಿನಿಂದ ಬೇಕಾದ ಐದನ್ನು ಮಾತ್ರ ಮುಂದಕ್ಕೆ ಬಿಟ್ಟು, ಮಿಕ್ಕದ್ದನ್ನು ಶಾಖವಾಗಿ ಕಳೆಯುತ್ತದೆ. ಒಳಗೆ ಬರುವುದು 10 ವೋಲ್ಟ್, ಕಂಪ್ಯೂಟರ್ ಎಳೆಯುವುದು 1 ಆಂಪಿಯರ್ ಎಂದಿಟ್ಟುಕೊಂಡರೆ 5 ವ್ಯಾಟ್ ಶಾಖ ಸದಾ ಅಲ್ಲೇ ಹುಟ್ಟುತ್ತಿರುತ್ತದೆ. ಗಾಳಿಯಾಡುವ ಜಾಗದಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಕಮೊಡೋರಿನ ಹೆಚ್ಚಿನ ಡಬ್ಬಗಳಲ್ಲಿ ಒಳಭಾಗಕ್ಕೆಲ್ಲ ಎಪಾಕ್ಸಿ ರಾಳ ಸುರಿದು ಗಟ್ಟಿ ಮಾಡಲಾಗಿದೆ. ಶಾಖ ಹೊರಹೋಗುವ ದಾರಿ ತೀರ ನಿಧಾನ. ಪಕ್ಕದಲ್ಲೇ ಬೆಚ್ಚಗಾಗುತ್ತಿರುವ ಟ್ರಾನ್ಸ್‌ಫಾರ್ಮರ್ ಬೇರೆ. ಬಿಸಿಯಾಗಿ, ತಣಿದು, ಮತ್ತೆ ಬಿಸಿಯಾಗಿ ವರ್ಷಗಟ್ಟಲೆ ಸವೆದ ರೆಗ್ಯುಲೇಟರ್ ಕೊನೆಗೊಮ್ಮೆ ಕೈಕೊಡುತ್ತದೆ. ಅದು ಸುಮ್ಮನೆ ನಿಂತುಹೋಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅದರೊಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆದರೆ, ಇಲ್ಲವೇ ಅದರ ನೆಲದ ಸಂಪರ್ಕ ಕಡಿದರೆ, ತಡೆಯುವವರೇ ಇಲ್ಲದಂತಾಗಿ ಒಳಗೆ ಬಂದ ವೋಲ್ಟೇಜು ಹೆಚ್ಚುಕಡಿಮೆ ಹಾಗೆಯೇ ಹೊರಗೆ ಹರಿಯುತ್ತದೆ. ಐದು ಇರಬೇಕಾದಲ್ಲಿ ಆರು, ಏಳು, ಕೆಲವೊಮ್ಮೆ ಇನ್ನೂ ಮೇಲೆ.

ಆ ಕಾಲದ ಟಿಟಿಎಲ್ ಚಿಪ್‌ಗಳಿಗೆ ತಯಾರಕರು ಹಾಕಿದ ಲಕ್ಷ್ಮಣರೇಖೆ ಸ್ಪಷ್ಟವಿದೆ: ಕೆಲಸ ಮಾಡಲು 4.75ರಿಂದ 5.25 ವೋಲ್ಟ್, ಯಾವ ಕಾರಣಕ್ಕೂ ದಾಟಬಾರದ ಮಿತಿ 7. ಮೆಮೊರಿ ಚಿಪ್‌ಗಳು ಇವಕ್ಕಿಂತಲೂ ನಾಜೂಕು. ಕಂಪ್ಯೂಟರಿನೊಳಗೆ ಫ್ಯೂಸ್ ಇದೆಯಲ್ಲ, ಅದು ಕಾಪಾಡುವುದಿಲ್ಲವೇ ಎಂದು ಕೇಳಬಹುದು. ಕಮೊಡೋರ್ 64ರ ಒಳಗಿನ ಫ್ಯೂಸ್ ಇರುವುದು 9 ವೋಲ್ಟಿನ ದಾರಿಯಲ್ಲಿ; 5 ವೋಲ್ಟಿನ ದಾರಿಗೆ ಕಾವಲೇ ಇಲ್ಲ. ಇದ್ದಿದ್ದರೂ ಪ್ರಯೋಜನ ಕಡಿಮೆ. ಫ್ಯೂಸ್ ಸುಡುವುದು ಕರೆಂಟು ಮಿತಿಮೀರಿದಾಗ. ವೋಲ್ಟೇಜು ಏರಿ ಚಿಪ್ ಸುಟ್ಟು, ಆ ಚಿಪ್ ಶಾರ್ಟ್ ಆಗಿ ಕರೆಂಟು ಏರುವ ಹೊತ್ತಿಗೆ ಉಳಿಸಬೇಕಾದದ್ದು ಹೋಗಿಯೇ ಆಗಿರುತ್ತದೆ. ಹಾಗೆ ಹೋಗುವ ಚಿಪ್‌ಗಳಾದರೂ ಎಂಥವು? ಚಿತ್ರ ಮೂಡಿಸುವ ವಿಕ್-2, ರಾಬರ್ಟ್ ಯಾನಸ್ ವಿನ್ಯಾಸಗೊಳಿಸಿದ, ಇಂದಿಗೂ ಸಂಗೀತಗಾರರು ಹುಡುಕಿಕೊಂಡು ಹೋಗುವ ಸಿಡ್ ಧ್ವನಿ ಚಿಪ್, ಇವೆಲ್ಲ ಕಮೊಡೋರಿನದೇ ಆಗಿದ್ದ ಮೋಸ್ ಟೆಕ್ನಾಲಜಿಯಲ್ಲಿ ತಯಾರಾದವು. 1994ರಲ್ಲಿ ಕಮೊಡೋರ್ ದಿವಾಳಿಯಾಯಿತು. ಆ ಚಿಪ್‌ಗಳನ್ನು ಇಂದು ಯಾರೂ ತಯಾರಿಸುವುದಿಲ್ಲ. ಒಂದು ಬೇಕಾದರೆ ಇನ್ನೊಂದು ಹಳೆಯ ಯಂತ್ರದಿಂದಲೇ ಕೀಳಬೇಕು. ಪವರ್ ಸಪ್ಲೈಯೋ, ನಾಳೆಯೇ ಹೊಸದು ಕಟ್ಟಿಕೊಳ್ಳಬಹುದಾದ ಸಾಮಾನು. ಸುಲಭವಾಗಿ ಸಿಗುವುದನ್ನು ಪರೀಕ್ಷಿಸಲು ಸಿಗಲಾರದ್ದನ್ನು ಒಡ್ಡುವುದರಲ್ಲಿ ಏನು ಲೆಕ್ಕಾಚಾರ?

ಇಷ್ಟಾದರೂ ಜನ ಕಂಪ್ಯೂಟರಿಗೇ ಚುಚ್ಚಿ ನೋಡುವುದಕ್ಕೆ ಒಂದು ಕಾರಣವಿದೆ: ಯಂತ್ರದ ಲಕ್ಷಣ ನೋಡಿದರೆ ದೋಷ ಗೊತ್ತಾಗುತ್ತದೆ ಎಂಬ ನಂಬಿಕೆ. ಪವರ್ ಸಪ್ಲೈ ವಿಷಯದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಕಮೊಡೋರ್ 64ರ ಮೇಲಿನ ಕೆಂಪು ದೀಪ ಉರಿಯುವುದು 5 ವೋಲ್ಟಿನಿಂದ. 9 ವೋಲ್ಟಿನ ಎಸಿ ಪೂರ್ತಿ ನಿಂತುಹೋಗಿದ್ದರೂ ಅದು ನಿಶ್ಚಿಂತೆಯಾಗಿ ಉರಿಯುತ್ತಿರುತ್ತದೆ. ಮೊದಲ ಮಾದರಿಗಳಲ್ಲಿ ಚಿತ್ರದ ಚಿಪ್ ಓಡುವುದು ಈ 9 ವೋಲ್ಟಿನ ದಾರಿಯಿಂದ ಬಂದ ಕರೆಂಟಿನಲ್ಲಿ. ಹಾಗಾಗಿ ಪರದೆ ಕಪ್ಪು, ದೀಪ ಕೆಂಪು. ನೋಡಿದವರು ಪವರ್ ಸರಿಯಿದೆ, ಚಿಪ್ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಕೆಟ್ಟ ಮೆಮೊರಿಯೂ ಕಪ್ಪು ಪರದೆ ಕೊಡುತ್ತದೆ. ಪದೇ ಪದೇ ಕೆಡುವುದರಲ್ಲಿ ಹೆಸರು ಮಾಡಿದ ಪಿಎಲ್ಎ ಚಿಪ್ ಕೂಡ ಅದನ್ನೇ ಕೊಡುತ್ತದೆ. ಐದರ ಬದಲು ನಾಲ್ಕೂವರೆ ವೋಲ್ಟ್ ಬಂದರೆ ಯಂತ್ರ ಹೊತ್ತಿಕೊಂಡರೂ ಹತ್ತು ನಿಮಿಷಕ್ಕೆ ಸ್ತಬ್ಧವಾಗಬಹುದು, ಪರದೆಯ ತುಂಬ ಅರ್ಥವಿಲ್ಲದ ಅಕ್ಷರ ಚೆಲ್ಲಬಹುದು. ಇದೂ ಮೆಮೊರಿಯ ದೋಷದಂತೆಯೇ ಕಾಣುತ್ತದೆ. ಹಲವು ರೋಗಕ್ಕೆ ಒಂದೇ ಲಕ್ಷಣ ಇರುವಾಗ ಎಲ್ಲ ಭಾಗಗಳನ್ನೂ ಮುಟ್ಟುವ ಒಂದೇ ಒಂದು ಭಾಗವನ್ನು ಮೊದಲು ಸಂಶಯದಿಂದ ಬಿಡುಗಡೆ ಮಾಡುವುದು ನ್ಯಾಯ. ಅದು ಪವರ್ ಸಪ್ಲೈ.

ಸರಿ, ಮಲ್ಟಿಮೀಟರ್ ಹಿಡಿದು ಪ್ಲಗ್ಗಿನ ಪಿನ್ನುಗಳಲ್ಲಿ ವೋಲ್ಟೇಜು ನೋಡಿದರಾಯಿತಲ್ಲ ಎನ್ನಬಹುದು. ಅರ್ಧ ಮಾತ್ರ ಆಯಿತು. ಮೀಟರು ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ. ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಎತ್ತನ್ನು ನೋಡಿ ಅದರ ಉಳುವ ಶಕ್ತಿ ಹೇಳಿದ ಹಾಗೆ ಅದರ ತೀರ್ಪು. ಒಳಗಿನ ಕೆಪಾಸಿಟರ್ ಒಣಗಿದ್ದರೂ, ತಂತಿಯ ಬೆಸುಗೆ ಸಡಿಲವಾಗಿದ್ದರೂ, ಏನನ್ನೂ ಹೊರದ ಸಪ್ಲೈ 5 ವೋಲ್ಟ್ ಎಂದು ಚೊಕ್ಕವಾಗಿ ತೋರಿಸಬಲ್ಲದು. ಇದಕ್ಕೆ ವಿರುದ್ಧವಾದ ಮೋಸವೂ ಇದೆ. ಅದೇ 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನ ಅಡಾಪ್ಟರಿನ ಮೇಲೆ 9 ವೋಲ್ಟ್ ಡಿಸಿ ಎಂದು ಬರೆದಿದೆ. ಬರಿದೆ ಅಳೆದರೆ 12, 13 ತೋರಿಸುತ್ತದೆ. ಕೆಟ್ಟಿದೆ ಎಂದು ಎಸೆದರೆ ತಪ್ಪು; ಅದರಲ್ಲಿ ರೆಗ್ಯುಲೇಟರೇ ಇಲ್ಲ, ಅದು ಕಂಪ್ಯೂಟರಿನೊಳಗಿದೆ. ಹೊರೆ ಬಿದ್ದಾಗ ಅದು ತಾನಾಗಿ ಒಂಬತ್ತರ ಹತ್ತಿರ ಇಳಿಯಬೇಕು. ಹೀಗೆ ಒಂದೇ ಬರಿ ಅಳತೆ ಕಮೊಡೋರಿನಲ್ಲಿ ಕೆಟ್ಟದ್ದನ್ನು ಒಳ್ಳೆಯದೆನ್ನುತ್ತದೆ, ಸ್ಪೆಕ್ಟ್ರಮ್‌ನಲ್ಲಿ ಒಳ್ಳೆಯದನ್ನು ಕೆಟ್ಟದ್ದೆನ್ನುತ್ತದೆ. ಸ್ಪೆಕ್ಟ್ರಮ್ ಅಡಾಪ್ಟರಿನ ಪಿನ್ನಿನ ಒಳಭಾಗ ಋಣ, ಹೊರಭಾಗ ಧನ; ಇಂದಿನ ಹೆಚ್ಚಿನ ಅಡಾಪ್ಟರುಗಳು ಇದಕ್ಕೆ ತದ್ವಿರುದ್ಧ. ಮೂಲೆಯಲ್ಲಿ ಬಿದ್ದಿದ್ದ ರೂಟರಿನ ಅಡಾಪ್ಟರ್ ಸಿಕ್ಕಿಸುವ ಮುಂಚೆ ಇದನ್ನು ನೋಡಿಕೊಂಡರೆ ಒಳ್ಳೆಯದು.

ಹೊರೆ ಹೊರಿಸುವುದು ಕಷ್ಟದ ವಿದ್ಯೆಯಲ್ಲ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್ ಎಂಬ ಹೈಸ್ಕೂಲಿನ ಪಾಠ ಸಾಕು. 5 ವೋಲ್ಟಿಗೆ 5 ಓಮಿನ ರೆಸಿಸ್ಟರ್ ಹಾಕಿದರೆ 1 ಆಂಪಿಯರ್ ಹರಿಯುತ್ತದೆ, ಕಂಪ್ಯೂಟರ್ ಎಳೆಯುವುದು ಸುಮಾರಾಗಿ ಅಷ್ಟೇ. ಆ ರೆಸಿಸ್ಟರಿನಲ್ಲಿ 5 ವ್ಯಾಟ್ ಶಾಖ ಹುಟ್ಟುವುದರಿಂದ 10 ವ್ಯಾಟಿನದನ್ನೇ ಕೊಳ್ಳಬೇಕು. ಬಿಳಿ ಸಿಮೆಂಟಿನ ಆ ರೆಸಿಸ್ಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪುಡಿಗಾಸಿಗೆ ಸಿಗುತ್ತವೆ. ಮೇಜಿನ ಮೇಲಿಡದೆ ಟೈಲ್ಸ್ ತುಂಡಿನ ಮೇಲಿಟ್ಟರೆ ಕ್ಷೇಮ. ಮುಟ್ಟಿದರೆ ಬೆರಳು ಸುಡುವಷ್ಟು ಕಾಯುತ್ತವೆ. ರೆಸಿಸ್ಟರ್ ಇಲ್ಲದಿದ್ದರೆ ಕಾರಿನ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬು ಕೂಡ ಆಗುತ್ತದೆ. 5 ವೋಲ್ಟಿನಲ್ಲಿ ಅದು ಮಂಕಾಗಿ ಉರಿಯುತ್ತ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಪಿನ್ನುಗಳು ಒತ್ತೊತ್ತಾಗಿರುವುದರಿಂದ ಮೀಟರಿನ ಮೊನೆಗಳನ್ನು ಅಲ್ಲಿ ತೂರಿಸುವ ಬದಲು, ಏಳು ಪಿನ್ನಿನ ಸಾಕೆಟ್ ಒಂದಕ್ಕೆ ವೈರುಗಳನ್ನು ಬೆಸೆದಿಟ್ಟುಕೊಳ್ಳುವುದು ಮೇಲು. 5ನೇ ಪಿನ್ನಿನಲ್ಲಿ 5 ವೋಲ್ಟ್, 2ನೆಯದು ನೆಲ, 6 ಮತ್ತು 7ರ ನಡುವೆ ಎಸಿ. ನಕ್ಷೆಯನ್ನು ಪ್ಲಗ್ಗಿನ ಮುಖದಿಂದ ನೋಡಿ ಬರೆದದ್ದೋ ಬೆಸುಗೆಯ ಬೆನ್ನಿನಿಂದ ನೋಡಿ ಬರೆದದ್ದೋ ಎಂಬುದನ್ನು ಖಚಿತ ಮಾಡಿಕೊಳ್ಳದಿದ್ದರೆ ಎಡ ಬಲವಾಗುತ್ತದೆ. ಎಸಿ ಕಡೆಗೂ 10 ಓಮಿನ ಒಂದು ಹೊರೆ ಬೇಕು. ಬರಿದೆ ಅಳೆದಾಗ 10, 11 ತೋರಿಸುವ ಅದು ಹೊರೆಯಡಿ ಒಂಬತ್ತರ ಆಸುಪಾಸಿಗೆ ಬರಬೇಕು.

ಇಲ್ಲಿಯೂ ಆತುರ ಕೂಡದು. ಮೊದಲ ನಿಮಿಷದಲ್ಲಿ 5.05 ತೋರಿಸಿದ ಸಪ್ಲೈ ನಲವತ್ತನೇ ನಿಮಿಷದಲ್ಲಿ, ಒಳಗಿನ ರಾಳವೆಲ್ಲ ಕಾದ ಮೇಲೆ, ಏನು ತೋರಿಸುತ್ತದೆ ಎಂಬುದೇ ಮುಖ್ಯ. ಅಳತೆ ಮೆಲ್ಲಗೆ ಜಾರುತ್ತ ಹೋದರೆ ಅದು ಒಂದು ಸುದ್ದಿ. ಮೆಲ್ಲಗೆ ಏರುತ್ತ ಹೋದರೆ ಅಲ್ಲಿಗೇ ಪರೀಕ್ಷೆ ಮುಗಿಯಿತು, ಆ ಡಬ್ಬವನ್ನು ಯಾವ ಕಂಪ್ಯೂಟರಿಗೂ ತೋರಿಸಬಾರದು. 5.25 ದಾಟಿದ್ದನ್ನು ಸ್ವಲ್ಪವೇ ಹೆಚ್ಚಲ್ಲವೇ ಎಂದು ಕ್ಷಮಿಸುವವರಿದ್ದಾರೆ. ರೆಗ್ಯುಲೇಟರ್ ಇರುವುದೇ ಐದರಲ್ಲಿ ನಿಲ್ಲಲು. ಅದು ನಿಲ್ಲದಾದಾಗ ದೋಷ ಎಷ್ಟು ಎಂಬುದಕ್ಕಿಂತ ದೋಷ ಶುರುವಾಗಿದೆ ಎಂಬುದು ದೊಡ್ಡದು. ಡಿಸಿಯ ಮೇಲೆ ಉಳಿದುಕೊಂಡ ಎಸಿಯ ಅಲೆ, ರಿಪೇರಿಯವರು ರಿಪಲ್ ಎನ್ನುವುದು, ಇನ್ನೊಂದು ವಿಷಯ. ಡಿಸಿ ಅಳತೆಗೆ ಇಟ್ಟ ಮೀಟರು ಸರಾಸರಿಯನ್ನಷ್ಟೇ ಹೇಳುವುದರಿಂದ ಸೆಕೆಂಡಿಗೆ ನೂರು ಸಲ ನಾಲ್ಕಕ್ಕೆ ಕುಸಿದು ಆರಕ್ಕೆ ಏರುವ ಸಪ್ಲೈಯನ್ನೂ ಅದು ಐದು ಎಂದುಬಿಡುತ್ತದೆ. ಒಣಗಿದ ಕೆಪಾಸಿಟರಿನ ಗುರುತು ಈ ಅಲೆಯೇ. ಆಸಿಲೋಸ್ಕೋಪ್ ಇದ್ದರೆ ಕಣ್ಣಿಗೇ ಕಾಣುತ್ತದೆ. ಇಲ್ಲದಿದ್ದರೆ ಮೀಟರಿನ ಎಸಿ ಅಳತೆಯಲ್ಲಿ, ನಡುವೆ ಒಂದು ಸಣ್ಣ ಕೆಪಾಸಿಟರ್ ಸೇರಿಸಿ ನೋಡಬಹುದು. ಕೆಲವು ಮಿಲಿವೋಲ್ಟ್ ಇದ್ದರೆ ಸರಿ, ನೂರಾರು ಇದ್ದರೆ ಸರಿಯಲ್ಲ.

ನಮ್ಮೂರಿನ ರೇಡಿಯೋ, ಟಿ.ವಿ. ರಿಪೇರಿ ಅಂಗಡಿಗಳಲ್ಲಿ ಒಂದು ಹಳೆಯ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ: ಸೀರೀಸ್ ಬಲ್ಬು. ಗೋಡೆಯ ಕರೆಂಟು ನೂರು ವ್ಯಾಟಿನ ಬಲ್ಬೊಂದನ್ನು ಹಾದು ರಿಪೇರಿಯ ವಸ್ತುವಿಗೆ ಹೋಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ವಸ್ತು ಸುಡುವುದಿಲ್ಲ. ವರ್ಷಗಟ್ಟಲೆ ಮೂಲೆ ಸೇರಿದ್ದ ಟ್ರಾನ್ಸ್‌ಫಾರ್ಮರ್ ಸಪ್ಲೈಗೆ ಮೊದಲ ಸಲ ಕರೆಂಟು ಕೊಡುವಾಗ ಇದಕ್ಕಿಂತ ಸರಳವಾದ ರಕ್ಷಣೆ ಇಲ್ಲ. ಎಲ್ಇಡಿ ಬಲ್ಬು ಇದಕ್ಕೆ ನಡೆಯದು, ತಂತಿಯ ಹಳೆಯ ಬಲ್ಬೇ ಬೇಕು. ವಿದೇಶದಿಂದ ಬಂಧುಗಳು ತಂದುಕೊಟ್ಟ ಯಂತ್ರವಾದರೆ ಪ್ಲಗ್ ಚುಚ್ಚುವ ಮೊದಲು ಡಬ್ಬದ ಕೆಳಗಿನ ಚೀಟಿ ಓದಬೇಕು. ಅಮೆರಿಕದ ಕಮೊಡೋರ್ ಸಪ್ಲೈ ಕಟ್ಟಿದ್ದು 120 ವೋಲ್ಟ್, 60 ಹರ್ಟ್ಸ್‌ಗೆ. ನಮ್ಮ 230ಕ್ಕೆ ಚುಚ್ಚಿದರೆ ಪರೀಕ್ಷೆ ಮಾಡುವ ಪ್ರಮೇಯವೇ ಬರುವುದಿಲ್ಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ. ಮೊದಲೇ ಬಿಸಿಯಾಗುವ ಡಬ್ಬ ಇನ್ನಷ್ಟು ಬಿಸಿಯಾಗುತ್ತದೆ.

ಈವರೆಗೆ ಹೇಳಿದ್ದು ಹೊರಗಿನ ಡಬ್ಬಕ್ಕೆ. ಸಪ್ಲೈ ಯಂತ್ರದೊಳಗೇ ಇರುವಲ್ಲಿ ವಾದ ಬದಲಾಗುವುದಿಲ್ಲ, ಎಚ್ಚರಿಕೆ ಮಾತ್ರ ಹಲವು ಪಟ್ಟು ಹೆಚ್ಚುತ್ತದೆ. ಬಿಬಿಸಿ ಮೈಕ್ರೋ ಇದಕ್ಕೆ ಉದಾಹರಣೆ. ಕೇಂಬ್ರಿಜ್‌ನ ಏಕಾರ್ನ್ ಕಂಪನಿಯ ಈ ಯಂತ್ರಕ್ಕೆ ಭಾರತದ ನಂಟೂ ಇದೆ: 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತರಲು ಶುರುಮಾಡಿದ ‘ಕ್ಲಾಸ್’ ಯೋಜನೆಗೆ ಆರಿಸಿಕೊಂಡದ್ದು ಇದನ್ನೇ. ಇದರ ಸಪ್ಲೈ ಹೆಚ್ಚಾಗಿ ಸ್ವಿಚಿಂಗ್ ಮಾದರಿಯದು. ಗೋಡೆಯ 230 ವೋಲ್ಟನ್ನು ನೇರವಾಗಿ ಡಿಸಿ ಮಾಡುವುದರಿಂದ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಅದರ ಲೋಹದ ಪೆಟ್ಟಿಗೆ ತೆರೆಯುವುದು ಆ ಕೆಲಸ ಬಲ್ಲವರಿಗೆ ಬಿಟ್ಟದ್ದು. ಹೊರಬರುವ ವೈರುಗಳನ್ನು ಬೋರ್ಡಿನಿಂದ ಕಿತ್ತು ಪರೀಕ್ಷಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ: ಮೂರು ಕೆಂಪು ವೈರುಗಳಲ್ಲಿ 5 ವೋಲ್ಟ್, ನೇರಳೆಯಲ್ಲಿ ಮೈನಸ್ 5, ಕಪ್ಪು ನೆಲ. ಈ ಬಗೆಯ ಹಳೆಯ ಸಪ್ಲೈಗಳು ಹೊರೆಯಿಲ್ಲದಿದ್ದರೆ ಶುರುವಾಗದಿರಬಹುದು, ಅಂಕೆಯಲ್ಲೂ ನಿಲ್ಲದಿರಬಹುದು. ಅಂದರೆ ಇಲ್ಲಿ ಲೋಡ್ ಹಾಕುವುದು ಒಳ್ಳೆಯ ಅಭ್ಯಾಸದ ಮಾತಾಗಿ ಉಳಿಯದೆ ಅನಿವಾರ್ಯವೇ ಆಗುತ್ತದೆ. ಬಿಬಿಸಿಯ ಪ್ರಸಿದ್ಧ ಹೊಗೆಯ ಪ್ರಸಂಗ ಬೇರೆಯದೇ: ಗೋಡೆಯ ಕರೆಂಟಿಗೆ ಅಡ್ಡಲಾಗಿ ಕೂತ, ರೇಡಿಯೋ ತೊಂದರೆ ತಡೆಯುವ ರಿಫಾ ಕೆಪಾಸಿಟರ್. ಒಳಗಿರುವುದು ಕಾಗದ, ಮೇಲಿನ ಕವಚ ಬಿರುಕು ಬಿಟ್ಟು ತೇವ ಹೊಕ್ಕರೆ ಕರೆಂಟು ಕೊಟ್ಟ ಕೆಲವು ನಿಮಿಷಗಳಲ್ಲಿ ಢಂ ಎನ್ನುತ್ತದೆ, ಮನೆತುಂಬ ನಾತ. ಮಂಗಳೂರು, ಕಾರವಾರದ ಮಳೆಗಾಲವನ್ನು ಕಂಡ ಯಂತ್ರದಲ್ಲಿ ಅದನ್ನು ಮೊದಲೇ ಬದಲಿಸಿಬಿಡುವುದು ಜಾಣತನ. ವಿಚಿತ್ರವೆಂದರೆ ಹೊಗೆ ಕಾರಿದ ಮೇಲೂ ಕಂಪ್ಯೂಟರ್ ಓಡುತ್ತಿರುವುದುಂಟು: ಕೆಂಪು ದೀಪಕ್ಕೆ ಹೇಳಿದ ಮಾತು ಹೊಗೆಗೂ ಅನ್ವಯ.

ಈಗ ಗಟ್ಟಿಯಾದ ಒಂದು ಆಕ್ಷೇಪ. ಇಷ್ಟೆಲ್ಲ ಯಾಕೆ, ಹಳೆಯ ಡಬ್ಬವನ್ನು ಬದಿಗಿಟ್ಟು ಹೊಸ ಸಪ್ಲೈ ಕೊಂಡರಾಗದೇ? ಕಮೊಡೋರ್ 64ರ ಮಟ್ಟಿಗೆ ಈ ಮಾತನ್ನು ಬಹುಪಾಲು ಒಪ್ಪಬೇಕು. ಆದರೆ ಅದರಿಂದ ಪರೀಕ್ಷೆ ತಪ್ಪುವುದಿಲ್ಲ, ಪರೀಕ್ಷೆಯ ವಸ್ತು ಬದಲಾಗುತ್ತದೆ ಅಷ್ಟೆ. ಹೊಸದರ 5 ವೋಲ್ಟನ್ನು ಅಗ್ಗದ ಅಡಾಪ್ಟರಿನಿಂದ ಪಡೆದಿದ್ದರೆ ಅದೂ ಹೊರೆಯಡಿ ನಿಲ್ಲುತ್ತದೆಯೇ ನೋಡಲೇಬೇಕು. 9 ವೋಲ್ಟ್ ಎಸಿ ಬೇಕಾದ್ದರಿಂದ ಮೊಬೈಲ್ ಚಾರ್ಜರಿನಂಥದ್ದು ಒಂದೇ ಸಾಕಾಗದು, ಟ್ರಾನ್ಸ್‌ಫಾರ್ಮರೊಂದು ಎಲ್ಲಾದರೂ ಇರಲೇಬೇಕು. ಕೈಯಿಂದ ಜೋಡಿಸಿದ ಪ್ಲಗ್ಗಿನಲ್ಲಿ ಪಿನ್ ಅದಲುಬದಲಾಗಿ 9 ವೋಲ್ಟ್ ಐದರ ಜಾಗಕ್ಕೆ ಹೋದರೆ ಹಳೆಯ ಡಬ್ಬ ಮಾಡಬಹುದಾಗಿದ್ದ ಹಾನಿಯನ್ನು ಹೊಸದು ಮೊದಲ ಸೆಕೆಂಡಿನಲ್ಲೇ ಮಾಡುತ್ತದೆ. ಮೂಲದ ವಸ್ತುವನ್ನೇ ಬಳಸದಿದ್ದರೆ ಹಳೆಯ ಯಂತ್ರದ ಸೊಗಸೇನು ಎನ್ನುವ ಸಂಗ್ರಾಹಕರೂ ಇದ್ದಾರೆ. ಅವರ ಭಾವನೆ ಅರ್ಥವಾಗುವಂಥದ್ದೇ. ಆದರೆ ಮೂಲದ ಡಬ್ಬವನ್ನು ಕಪಾಟಿನಲ್ಲಿಟ್ಟು ಮೂಲದ ಸಿಡ್ ಚಿಪ್ಪನ್ನು ಉಳಿಸಿಕೊಳ್ಳುವುದು ಆ ಭಾವನೆಗೂ ಹತ್ತಿರ.

ಇನ್ನೊಂದು ಆಕ್ಷೇಪಕ್ಕೆ ಉತ್ತರ ಅಷ್ಟು ಸಲೀಸಲ್ಲ. ಒಂದು ಗಂಟೆ ಹೊರೆ ಹೊತ್ತು ಪಾಸಾದ ಹಳೆಯ ಸಪ್ಲೈ ನಾಳೆ ಸಂಜೆ, ಆಟದ ನಡುವೆ, ಶಾರ್ಟ್ ಆಗದು ಎಂದು ಹೇಳುವವರು ಯಾರು? ಯಾರೂ ಇಲ್ಲ. ಪರೀಕ್ಷೆ ಹೇಳುವುದು ಇಂದಿನ ಸ್ಥಿತಿಯನ್ನು. ಫೇಲಾದದ್ದನ್ನು ಅದು ನಿಶ್ಚಯವಾಗಿ ಹೊರಗಿಡುತ್ತದೆ, ಪಾಸಾದದ್ದಕ್ಕೆ ಭರವಸೆ ಕೊಡುವುದಿಲ್ಲ. ರಾಳ ಸುರಿದ ಡಬ್ಬದ ಸ್ವಭಾವವೇ ಹೀಗಿರುವಾಗ, ಪಾಸಾದ ಮೇಲೂ ಅದನ್ನು ಬಳಸಲೇಬೇಕೆನ್ನುವವರು ಸಪ್ಲೈಗೂ ಕಂಪ್ಯೂಟರಿಗೂ ನಡುವೆ ವೋಲ್ಟೇಜು ಕಾಯುವ ಸಣ್ಣ ಸರ್ಕೀಟೊಂದನ್ನು ಹಾಕಬೇಕು. ಐದೂವರೆಯ ಹತ್ತಿರ ಬಂದೊಡನೆ ರಿಲೇ ಮೂಲಕ ಸಂಪರ್ಕ ಕಡಿಯುವ ಇಂಥ ಸಾಧನಗಳು ಕಮೊಡೋರ್ ಅಭಿಮಾನಿಗಳ ನಡುವೆ ಈಗ ಸಾಮಾನ್ಯ. ಪರೀಕ್ಷೆಯ ಬದಲು ಇದೊಂದೇ ಸಾಕು ಎನ್ನುವವರಿಗೆ ನೆನಪಿಸಬೇಕಾದದ್ದು: ಅದು ಹೆಚ್ಚಾದ ವೋಲ್ಟೇಜನ್ನು ತಡೆಯುತ್ತದೆ, ಕಡಿಮೆಯಾದದ್ದನ್ನೂ ಅಲೆಯನ್ನೂ ಇಲ್ಲದ ಎಸಿಯನ್ನೂ ಹೇಳುವುದಿಲ್ಲ. ಕಪ್ಪು ಪರದೆಯ ಒಗಟನ್ನು ಅದರಿಂದ ಬಿಡಿಸಲಾಗದು.

ಸಪ್ಲೈ ಒಳ್ಳೆಯದೆಂದು ತೀರ್ಮಾನವಾದ ಮೇಲೂ ಸ್ವಿಚ್ ಒತ್ತುವ ಮುನ್ನ ಒಂದು ಅಳತೆ ಬಾಕಿ ಇರುತ್ತದೆ, ಈ ಸಲ ಕಂಪ್ಯೂಟರಿನ ಕಡೆಯಿಂದ. ಕರೆಂಟಿಲ್ಲದ ಯಂತ್ರದ ಸ್ವಿಚ್ ಆನ್ ಮಾಡಿಟ್ಟು, ಅದರ ಸಾಕೆಟ್ಟಿನಲ್ಲಿ 5 ವೋಲ್ಟಿನ ಪಿನ್ನಿಗೂ ನೆಲಕ್ಕೂ ನಡುವೆ ಎಷ್ಟು ಓಮ್ ಇದೆ ನೋಡುವುದು. ಸೊನ್ನೆಗೆ ಅಂಟಿಕೊಂಡಿದ್ದರೆ ಒಳಗೆ ಯಾವುದೋ ಚಿಪ್ಪೋ ಕೆಪಾಸಿಟರೋ ಶಾರ್ಟ್ ಆಗಿದೆ. ಅಂಥ ಯಂತ್ರ ಒಳ್ಳೆಯ ಸಪ್ಲೈಯನ್ನೂ ಕೆಳಗೆ ಎಳೆದು ಸಪ್ಲೈಯೇ ಕೆಟ್ಟಿದೆ ಎಂದು ತೋರಿಸುತ್ತದೆ. ಎರಡನ್ನೂ ಬೇರೆಬೇರೆಯಾಗಿ ನೋಡದ ಹೊರತು ಯಾವುದು ಯಾವುದನ್ನು ಕೆಡಿಸುತ್ತಿದೆ ಎಂದು ಹೇಳಲು ಬರುವುದಿಲ್ಲ. ಶಾರ್ಟ್ ಇಲ್ಲದಿದ್ದರೆ ಮಾತ್ರ ಎರಡನ್ನೂ ಜೋಡಿಸಿ, ಯಂತ್ರ ಓಡುತ್ತಿರುವಾಗ ಬೋರ್ಡಿನ ಮೇಲೆಯೇ, ಮೆಮೊರಿ ಚಿಪ್ಪಿನ ಕಾಲಿನಲ್ಲಿ, ಮತ್ತೊಮ್ಮೆ ಅಳೆಯಬೇಕು. ಸವೆದ ಸ್ವಿಚ್ಚು, ಕಿಲುಬು ಹಿಡಿದ ಸಾಕೆಟ್ಟು ದಾರಿಯಲ್ಲೇ ಕಾಲು ವೋಲ್ಟ್ ತಿಂದುಬಿಡಬಹುದು. ಅಲ್ಲಿಯೂ 4.9, 5 ಇದ್ದು, 12 ವೋಲ್ಟಿನ ದಾರಿಯಲ್ಲಿ ಹನ್ನೆರಡೂ ಇದ್ದು, ಪರದೆ ಆಗಲೂ ಕಪ್ಪಾಗಿದ್ದರೆ ಪಿಎಲ್ಎ ಚಿಪ್ಪಿನ ಮೇಲೆ ಕೈಯಿಡಬಹುದು.